ಮೇಡಂ, ನಿಮ್ಮ ನೋಟ್ಸ್ ಒಮ್ಮೆ ಕೇಳಿ

ಸೂಕ್ಷ್ಮ ಬೋಧನೆಯ 36 ನಿಮಿಷದ ಚಕ್ರ ಈ ಪತ್ರಿಕೆಯ ಓದುಗರಿಗೆ ಬಾಯಿಪಾಠ. ಬೋಧನೆಗೆ 6 ನಿಮಿಷ, ಹಿಮ್ಮಾಹಿತಿಗೆ 6, ಮರುಯೋಜನೆಗೆ 12, ಮರುಬೋಧನೆಗೆ 6, ಮತ್ತೆ ಹಿಮ್ಮಾಹಿತಿಗೆ 6. ಮೊದಲ ಸೆಮಿಸ್ಟರಿನಲ್ಲಿ ಗಡಿಯಾರ ಹಿಡಿದು ನಮ್ಮನ್ನು ಈ ಚಕ್ರದಲ್ಲಿ ತಿರುಗಿಸಿದವರು ನಮ್ಮ ಉಪನ್ಯಾಸಕರು. ಮೂರನೆಯ ಸೆಮಿಸ್ಟರಿನಲ್ಲಿ ಅದೇ ಗಡಿಯಾರ ಹಿಡಿದು ನಾವು ಅವರನ್ನು ತಿರುಗಿಸಿದೆವು. ಕೌಶಲ ಮಾತ್ರ ಬೇರೆ. ಗೂಗಲ್ ಕ್ಲಾಸ್‌ರೂಮಿಗೂ ವಾಟ್ಸಾಪ್ ಗುಂಪಿಗೂ ಅವರು ಹಾಕುವ ನೋಟ್ಸ್, ಪಿಪಿಟಿ, ನಮೂನೆಗಳನ್ನು ಕಣ್ಣು ಕಾಣದವರೂ ಓದುವಂತೆ ತಯಾರಿಸುವುದು. ವೀಕ್ಷಕರ ಕುರ್ಚಿಯಲ್ಲಿ ಕುಳಿತವಳು ನನ್ನ ಸಹಪಾಠಿ. ಹುಟ್ಟಿನಿಂದ ದೃಷ್ಟಿಯಿಲ್ಲದವಳು, ಸಮಾಜ ವಿಜ್ಞಾನ ಮತ್ತು ಕನ್ನಡ ಬೋಧನಾ ಪದ್ಧತಿ ತೆಗೆದುಕೊಂಡವಳು. ಹೆಸರು ಬೇಡ ಎಂದಿದ್ದಾಳೆ. ಲೇಖನದಲ್ಲಿ ಎಲ್ಲಿಯೂ ಅವಳನ್ನು 'ಪಾಪ' ಎನ್ನಬಾರದು ಎಂಬುದು ಅವಳ ಎರಡನೆಯ ಷರತ್ತು.

ಬೋಧನಾಭ್ಯಾಸಕ್ಕೆ ನಾವಿಬ್ಬರೂ ಹೋದದ್ದು ಜೆಪ್ಪುವಿನ ಒಂದು ಪ್ರೌಢಶಾಲೆಗೆ. ನನ್ನದು ಗಣಿತ ಮತ್ತು ಭೌತವಿಜ್ಞಾನ. ಬೆಳಿಗ್ಗೆ ಮಾರ್ನಮಿಕಟ್ಟೆಯಲ್ಲಿ ಬಸ್ಸಿಳಿದು ಇಬ್ಬರೂ ಜೊತೆಗೆ ನಡೆಯುತ್ತಿದ್ದೆವು. ಅವಳು ಪಾಠ ಮಾಡುವುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ತರಗತಿಯಲ್ಲಿ ಯಾರು ಯಾವ ಬೆಂಚಿನಲ್ಲಿದ್ದಾರೆ ಎಂಬುದನ್ನು ಮೂರನೇ ದಿನಕ್ಕೆ ಧ್ವನಿಯಿಂದಲೇ ಗುರುತಿಸಿ ಹೆಸರು ಹಿಡಿದು ಕರೆಯುತ್ತಿದ್ದಳು. ನಾನು ಅಷ್ಟು ಹೊತ್ತಿಗೆ ಹತ್ತು ಹೆಸರೂ ಕಲಿತಿರಲಿಲ್ಲ. ತೊಂದರೆ ಇದ್ದದ್ದು ಪಾಠದ ಹಿಂದೆ ಮತ್ತು ಮುಂದೆ. ಹಿಂದೆ ಎಂದರೆ ತಯಾರಿಗೆ ಬೇಕಾದ ನೋಟ್ಸ್, ಪಾಠಯೋಜನೆಯ ನಮೂನೆ. ಮುಂದೆ ಎಂದರೆ ವೀಕ್ಷಣಾ ಟಿಪ್ಪಣಿ.

ವೀಕ್ಷಣಾ ಟಿಪ್ಪಣಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಾಠ ನೋಡಿದ ಉಪನ್ಯಾಸಕರು ಕೆಂಪು ಶಾಯಿಯಲ್ಲಿ ನಮ್ಮ ಪಾಠಯೋಜನೆಯ ಪುಸ್ತಕದಲ್ಲಿ ನಾಲ್ಕು ಸಾಲು ಬರೆಯುತ್ತಾರೆ. ಉಳಿದವರೆಲ್ಲ ಆ ಸಾಲುಗಳನ್ನು ಕಾರಿಡಾರಿನ ಮೂಲೆಗೆ ಹೋಗಿ ಒಬ್ಬರೇ ಓದಿಕೊಳ್ಳುತ್ತೇವೆ. ಹೊಗಳಿಕೆಯಾದರೆ ಗೆಳತಿಗೆ ತೋರಿಸುತ್ತೇವೆ, ಅಲ್ಲದಿದ್ದರೆ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕುತ್ತೇವೆ. ಅವಳ ಪುಸ್ತಕವನ್ನು ನಾನು ಓದಿ ಹೇಳಬೇಕಿತ್ತು. ಹತ್ತು ಪಾಠಗಳ ಟೀಕೆ ಅವಳಿಗಿಂತ ಮೊದಲು ನನಗೆ ಗೊತ್ತಾಯಿತು. ಒಂದು ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಅವಳು ಹೇಳಿದಳು: "ನೀನು ಓದುವಾಗ ಸ್ವರ ಸಣ್ಣ ಮಾಡಿದರೆ ಟೀಕೆ ಬಂತು ಅಂತ ನನಗೆ ಮೊದಲೇ ಗೊತ್ತಾಗ್ತದೆ. ಟೀಕೆಗೆ ಬೇಜಾರಿಲ್ಲ. ಅದು ನಿನ್ನ ಬಾಯಿಂದ ಬರುವುದು ಬೇಜಾರು."

ನೋಟ್ಸಿನ ಕಥೆ ಬೇರೆ. ಅವಳ ಫೋನಿನಲ್ಲಿ ಟಾಕ್‌ಬ್ಯಾಕ್ ಇದೆ, ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ ಎಂಬ ಉಚಿತ ಪರದೆ ಓದುಗ ತಂತ್ರಾಂಶ ಇದೆ. ಎರಡೂ ಕನ್ನಡ ಓದುತ್ತವೆ. ಎನ್‌ವಿಡಿಎಯ ಜೊತೆ ಬರುವ ಕನ್ನಡ ಧ್ವನಿ ನೆಗಡಿಯಾದ ಯಂತ್ರದ ಹಾಗೆ ಕೇಳುತ್ತದೆ, ಆದರೆ ಓದುತ್ತದೆ. ಅವಳು ಅದನ್ನು ನಮಗೆ ಒಂದಕ್ಷರವೂ ತಿಳಿಯದಷ್ಟು ವೇಗದಲ್ಲಿ ಓಡಿಸುತ್ತಾಳೆ. ಇಷ್ಟೆಲ್ಲ ಇದ್ದೂ ಕಾಲೇಜಿನ ಕನ್ನಡ ನೋಟ್ಸಿನಲ್ಲಿ ಹೆಚ್ಚಿನದನ್ನು ಅವಳು ಓದಲಾಗುತ್ತಿರಲಿಲ್ಲ. ಕೆಲವು ಫೋಟೋ ತೆಗೆದು ಪಿಡಿಎಫ್ ಮಾಡಿದವು. ಯಂತ್ರದ ಮಟ್ಟಿಗೆ ಅವು ಬರೀ ಚಿತ್ರಗಳು. ಉಳಿದವು ಟೈಪ್ ಮಾಡಿದವು, ಆದರೆ ಹಳೆಯ ನುಡಿ ಅಕ್ಷರಶೈಲಿಯಲ್ಲಿ.

ಈ ಎರಡನೆಯದು ನಮ್ಮ ಉಪನ್ಯಾಸಕರಲ್ಲಿ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ನೋಡುವವರ ಕಣ್ಣಿಗೆ ಅದು ಅಚ್ಚುಕಟ್ಟಾದ ಕನ್ನಡ. ಆದರೆ ಯೂನಿಕೋಡ್ ಅಲ್ಲದ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಕಡತದ ಒಳಗೆ ಕೂತಿರುವುದು ಇಂಗ್ಲಿಷ್ ಮತ್ತು ಯುರೋಪಿನ ಬೇರೆ ಭಾಷೆಗಳ ಅಕ್ಷರಗಳು. ಅವುಗಳ ಮೇಲೆ ಕನ್ನಡದ ಮುಖವಾಡ. ನುಡಿಯಲ್ಲಿ 'ಕನ್ನಡ' ಎಂದು ಬರೆದರೆ ಒಳಗೆ ದಾಖಲಾಗುವುದು ದೊಡ್ಡ 'ಪಿ', ತಲೆಯ ಮೇಲೊಂದು ಓರೆಗೆರೆ ಇರುವ 'ಎ', ಪೌಂಡ್ ಹಣದ ಗುರುತು, ಮತ್ತೆ ಅದೇ 'ಎ', ಜರ್ಮನಿನ ಒಂದು ಅಕ್ಷರ, ಸಣ್ಣ 'ಕ್ಯು', ಮತ್ತೊಮ್ಮೆ 'ಎ'. ಯಂತ್ರ ಮುಖವಾಡ ನೋಡುವುದಿಲ್ಲ, ಒಳಗಿರುವುದನ್ನು ಓದುತ್ತದೆ. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಸಂಕೇತಗಳು ಸಿಕ್ಕಿದ್ದವು. ಆದರೂ ಡಿಟಿಪಿ ಅಂಗಡಿಗಳು ಹಳೆಯದನ್ನೇ ಬಳಸಿದವು, ಕಚೇರಿಗಳಲ್ಲಿ ಅದೇ ಉಳಿಯಿತು, ಒಬ್ಬರ ಕಡತ ಇನ್ನೊಬ್ಬರಿಗೆ ಹೋಗುತ್ತಾ ಇಲ್ಲಿಯವರೆಗೆ ಬಂತು. ನುಡಿಯ ಹೊಸ ಆವೃತ್ತಿಗಳಲ್ಲಿ ಯೂನಿಕೋಡ್ ಇದೆ, ಆರಿಸಿಕೊಳ್ಳಬೇಕು ಅಷ್ಟೆ.

ಮಂಗಳೂರಿನವರಾಗಿ ಇದರ ಬಗ್ಗೆ ನಮಗೆ ಸ್ವಲ್ಪ ಹೆಚ್ಚೇ ಕಾಳಜಿ ಇರಬೇಕು ಎಂದು ನನ್ನ ಅಭಿಪ್ರಾಯ. 1843ರಲ್ಲಿ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಮೂಡಿದ್ದು ಇಲ್ಲಿ, 1894ರಲ್ಲಿ ಕಿಟೆಲ್ ನಿಘಂಟು ಅಚ್ಚಾದದ್ದು ಇಲ್ಲಿ. ಇಂದು ನಾವು ಬಳಸುವ ಕನ್ನಡ ಕೀಲಿಮಣೆ ವಿನ್ಯಾಸವನ್ನು ರೂಪಿಸಿದ ಕೆ.ಪಿ. ರಾವ್ ಹತ್ತಿರದ ಕಿನ್ನಿಕಂಬಳದವರು. ಕನ್ನಡದ ಅಕ್ಷರ ಪ್ರತಿಯೊಂದು ಹೊಸ ಯಂತ್ರವನ್ನು ಹತ್ತುವಾಗ ಕೈಹಿಡಿದ ಊರು ಇದು.

ಈಗ ತರಬೇತಿಯ ವಿಷಯ. ಐಸಿಟಿ ಪ್ರಾಯೋಗಿಕ ಕೆಲಸಕ್ಕೆ ಎಲ್ಲರೂ ಒಂದು ಪಿಪಿಟಿ ಮಾಡಿ ಸಲ್ಲಿಸುವುದು ವಾಡಿಕೆ. ಅದರ ಬದಲು ಕಾಲೇಜಿನ ನೋಟ್ಸನ್ನೇ ಸರಿಪಡಿಸುವ ಕೆಲಸ ಮಾಡಬಹುದೇ ಎಂದು ಕೇಳಿದಾಗ ಐಸಿಟಿ ಸರ್ ಒಪ್ಪಿದರು. "ಆದರೆ ಸರಿಪಡಿಸುವವರು ನೀವಾಗಬೇಡಿ. ನೀವು ಮುಂದಿನ ವರ್ಷ ಇರುವುದಿಲ್ಲ. ಬರೆಯುವವರೇ ಕಲಿಯಲಿ" ಎಂದರು. ಆ ಮಾತೇ ಇಡೀ ಕೆಲಸದ ದಿಕ್ಕನ್ನು ನಿರ್ಧರಿಸಿತು. ಆದರೆ ಪ್ರಶಿಕ್ಷಣಾರ್ಥಿಗಳು ಉಪನ್ಯಾಸಕರಿಗೆ ಕಲಿಸುವುದು ಹೇಗೆ? ಆಂತರಿಕ ಅಂಕ ಅವರ ಕೈಯಲ್ಲಿದೆ.

ಒಂದು ದಿನದ ಕಾರ್ಯಾಗಾರ ಬೇಡ ಎಂಬುದು ನಮಗೆ ಮೊದಲೇ ಸ್ಪಷ್ಟವಿತ್ತು. ಉದ್ಘಾಟನೆ, ಹೂಗುಚ್ಛ, ಸಂಪನ್ಮೂಲ ವ್ಯಕ್ತಿಯ ಎರಡು ಗಂಟೆ, ಚಹಾ, ಪ್ರಮಾಣಪತ್ರ. ಮರುದಿನ ಅದೇ ಫೋಟೋ, ಅದೇ ಪಿಡಿಎಫ್. ನಮಗೆ ಪ್ರಶ್ನಿಸುವ ಕೌಶಲ, ವಿವರಣಾ ಕೌಶಲ, ಕಪ್ಪುಹಲಗೆ ಬಳಸುವ ಕೌಶಲ ಎಲ್ಲವನ್ನೂ ಒಂದೇ ದಿನ ಕಲಿಸಲಿಲ್ಲವಲ್ಲ? ಒಂದು ಸಲಕ್ಕೆ ಒಂದು ಕೌಶಲ, ಸಣ್ಣ ಪಾಠ, ಕೂಡಲೇ ಹಿಮ್ಮಾಹಿತಿ, ಕೂಡಲೇ ಮತ್ತೊಮ್ಮೆ. ಈ ಪದ್ಧತಿಯನ್ನು ಉಪನ್ಯಾಸಕರು ನಂಬುತ್ತಾರೆ. ಅವರೇ ನಮಗೆ ಕಲಿಸಿದ್ದು. ಹಾಗಾಗಿ ಶನಿವಾರ ತರಗತಿ ಮುಗಿದ ಮೇಲೆ 36 ನಿಮಿಷ ಮಾತ್ರ ಕೊಡಿ ಎಂದು ಕೇಳಿದೆವು. 36 ಎಂಬ ಸಂಖ್ಯೆ ಕೇಳಿ ಮನೋವಿಜ್ಞಾನದ ಮೇಡಂ ನಕ್ಕುಬಿಟ್ಟರು. ನಕ್ಕವರು ಮೊದಲು ಬಂದರು ಕೂಡ.

ಮೊದಲ ಶನಿವಾರ ನಾವು ಏನನ್ನೂ ವಿವರಿಸಲಿಲ್ಲ. ಆ ಮೇಡಂನ ಅನುಮತಿ ಪಡೆದು, ಅವರದೇ ಕಲಿಕೆಯ ಸಿದ್ಧಾಂತಗಳ ನೋಟ್ಸನ್ನು ಎನ್‌ವಿಡಿಎಯಲ್ಲಿ ತೆರೆದು, ಸ್ಪೀಕರಿನ ಧ್ವನಿ ಏರಿಸಿದೆವು. ಪಾವ್ಲೋವನ ಪ್ರಯೋಗದ ಪುಟ. ಯಂತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಉಗುಳುತ್ತಾ ಹೋಯಿತು. ಮೊದಲು ನಗು. ಒಂದು ನಿಮಿಷ ಕಳೆಯುವಷ್ಟರಲ್ಲಿ ನಗು ನಿಂತಿತು. ಮೇಡಂ, "ಇದು ನಾನು ಹೋದ ವಾರ ಹಾಕಿದ್ದಲ್ವಾ? ನೀನು ಇದನ್ನೇ ಕೇಳಿದ್ದಾ?" ಎಂದು ನನ್ನ ಸಹಪಾಠಿಯ ಕಡೆ ತಿರುಗಿದರು. ಅವಳು, "ಇಲ್ಲ ಮೇಡಂ, ಮೊದಲ ಸಾಲು ಕೇಳಿ ಮುಚ್ಚಿದೆ. ಮತ್ತೆ ಇವಳ ಹತ್ತಿರ ಓದಿಸಿದೆ" ಎಂದಳು.

ಮರುಯೋಜನೆಯ 12 ನಿಮಿಷದಲ್ಲಿ ಮೇಡಂ ಆ ಪುಟವನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತಂದರು. ಉಚಿತ ಪರಿವರ್ತಕಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಒಂದು ಎಚ್ಚರಿಕೆ ಬೇಕು: ಇಡೀ ಕಡತವನ್ನು ಒಟ್ಟಿಗೆ ಹಾಕಿದರೆ ನಡುನಡುವೆ ಇರುವ ನಿಜವಾದ ಇಂಗ್ಲಿಷ್ ಪದಗಳೂ ಕನ್ನಡವಾಗಲು ಹೊರಟು ಯಾವ ಭಾಷೆಗೂ ಸೇರದೆ ಹೋಗುತ್ತವೆ. ವಿಜ್ಞಾನದ ನೋಟ್ಸಿನಲ್ಲಿ ಸಂಕೇತ, ಸೂತ್ರಗಳ ಗತಿಯೂ ಅದೇ. ಕನ್ನಡ ಭಾಗಗಳನ್ನು ಬೇರೆಯಾಗಿ ಆರಿಸಿ ಪರಿವರ್ತಿಸಬೇಕು, ಮತ್ತೆ ಒಮ್ಮೆ ಓದಿ ನೋಡಬೇಕು. ಮರುಬೋಧನೆಯ ಹೊತ್ತಿಗೆ ಯಂತ್ರ, ನೆಗಡಿಯ ಸ್ವರದಲ್ಲೇ ಆದರೂ, ನಾಯಿ, ಗಂಟೆ, ಜೊಲ್ಲು ಎಲ್ಲವನ್ನೂ ಸರಿಯಾಗಿ ಹೇಳಿತು.

ಎರಡನೆಯ ಶನಿವಾರ ತಲೆಬರಹಗಳದ್ದು. ಅಕ್ಷರ ದಪ್ಪ ಮಾಡಿ ಅಡಿಗೆರೆ ಎಳೆದರೆ ಅದು ಕಣ್ಣಿಗೆ ತಲೆಬರಹ. ವರ್ಡ್‌ನಲ್ಲಿ ಹೆಡಿಂಗ್ ಶೈಲಿ ಕೊಟ್ಟರೆ ಮಾತ್ರ ಯಂತ್ರಕ್ಕೂ ತಲೆಬರಹ. ಆಗ 'ಎಚ್' ಕೀಲಿ ಒತ್ತುತ್ತಾ 40 ಪುಟದ ನೋಟ್ಸಿನಲ್ಲಿ ಬೇಕಾದ ಕಡೆ ಹಾರಬಹುದು. ಇದನ್ನು ಎಲ್ಲರೂ ಬೇಗ ಹಿಡಿದರು. ಪರಿವಿಡಿ ತನ್ನಿಂದ ತಾನೇ ತಯಾರಾಗುತ್ತದೆ ಎಂದು ಗೊತ್ತಾದ ಮೇಲಂತೂ ಕೇಳುವುದೇ ಬೇಡ.

ಹೆಚ್ಚು ಹೊತ್ತು ಹಿಡಿದದ್ದು ಚಿತ್ರವಿವರಣೆ. ಮೌಲ್ಯಮಾಪನ ಪತ್ರಿಕೆಯ ಸರ್ ಸಾಮಾನ್ಯ ಸಂಭವನೀಯ ವಕ್ರರೇಖೆಯ ಚಿತ್ರ ತಂದಿದ್ದರು. ಅದಕ್ಕೆ ಅವರು ಬರೆದ ವಿವರಣೆ: "ಗಂಟೆಯಾಕಾರದ ವಕ್ರರೇಖೆಯ ಚಿತ್ರ." ಹಿಮ್ಮಾಹಿತಿಯ ಸರದಿಯಲ್ಲಿ ವೀಕ್ಷಕಿ ಕೇಳಿದಳು: "ಯಾವ ಗಂಟೆ ಸರ್? ದೇವಸ್ಥಾನದ ತೂಗುಗಂಟೆ ಮುಟ್ಟಿದ್ದೇನೆ. ಪೂಜೆಯ ಕೈಗಂಟೆ ಗೊತ್ತುಂಟು. ನಮ್ಮ ಶಾಲೆಯ ಗಂಟೆ ರೈಲು ಹಳಿಯ ತುಂಡು." ಸರ್ ಸುಮ್ಮನೆ ಕುಳಿತರು. ಆಮೇಲೆ 12 ನಿಮಿಷಕ್ಕೆ 20 ತೆಗೆದುಕೊಂಡು ಬರೆದರು: ನಡುವೆ ಅತಿ ಎತ್ತರ; ಎಡಕ್ಕೂ ಬಲಕ್ಕೂ ಒಂದೇ ರೀತಿ ಇಳಿಯುತ್ತದೆ; ಎರಡೂ ತುದಿಗಳು ಅಡಿರೇಖೆಯ ಹತ್ತಿರ ಹೋಗುತ್ತವೆ, ಮುಟ್ಟುವುದಿಲ್ಲ; ಸರಾಸರಿ, ಮಧ್ಯಾಂಕ, ಬಹುಲಕ ಮೂರೂ ನಡುಬಿಂದುವಿನಲ್ಲೇ ಇವೆ; ಸರಾಸರಿಯಿಂದ ಎರಡೂ ಕಡೆ ಒಂದೊಂದು ಮಾನಕ ವಿಚಲನೆಯ ಒಳಗೆ ಶೇ. 68.26 ಅಂಕಗಳು ಬರುತ್ತವೆ, ಎರಡೆರಡರ ಒಳಗೆ ಶೇ. 95.44. ಬರೆದು ಮುಗಿಸಿ ಅವರು ಹೇಳಿದ ಮಾತು ನನಗೆ ಬಹಳ ಹಿಡಿಸಿತು: "ಇಷ್ಟು ವರ್ಷ ಬೋರ್ಡಿನಲ್ಲಿ ಚಿತ್ರ ಬಿಡಿಸಿ 'ನೋಡಿ' ಎಂದು ಹೇಳಿ ಮುಂದೆ ಹೋಗ್ತಿದ್ದೆ. ಏನು ನೋಡ್ಬೇಕು ಅಂತ ಹೇಳ್ಲೇ ಇಲ್ಲ." ಆ ವಿವರಣೆಯನ್ನು ನಾವು, ಕಣ್ಣಿರುವವರು, ಪರೀಕ್ಷೆಗೆ ಓದಿಕೊಂಡೆವು.

ಎಲ್ಲರೂ ಹೀಗೆ ಖುಷಿಯಿಂದ ಬಂದರು ಎಂದರೆ ಸುಳ್ಳಾಗುತ್ತದೆ. ಹಿರಿಯ ಉಪನ್ಯಾಸಕರೊಬ್ಬರು ನೇರವಾಗಿ, "ಒಬ್ಬಳಿಗೋಸ್ಕರ ಎಂಟು ಜನ ಇಷ್ಟೆಲ್ಲ ಮಾಡ್ಬೇಕಾ ಮಾರಾಯ್ತಿ? ನೀನು ಓದಿ ಹೇಳಿದರೆ ಆಗ್ಲಿಕ್ಕಿಲ್ವಾ?" ಎಂದು ನನ್ನನ್ನು ಕೇಳಿದರು. ಮುಖದೆದುರು ಕೇಳಿದ್ದಕ್ಕೆ ನನಗೆ ಗೌರವವೇ ಇದೆ; ಹಲವರು ಮನಸ್ಸಿನಲ್ಲಿ ಇಟ್ಟುಕೊಂಡದ್ದನ್ನು ಅವರು ಹೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು: "ಸರ್, ನೀವು ಎಂಟು ಜನ ಒಮ್ಮೆ ಕಲಿಯುವುದು. ನಾನು ಎಂಟು ಜನರ ಹತ್ತಿರ ಪ್ರತಿ ವಾರ ಕೇಳುವುದು. ಯಾವುದು ಹೆಚ್ಚು ಕೆಲಸ?"

ಕಾನೂನಿನ ಮಾತನ್ನು ನಾವು ಮೂರನೇ ವಾರದವರೆಗೆ ಎತ್ತಲಿಲ್ಲ. ಎತ್ತಬಹುದಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ ವಿದ್ಯುನ್ಮಾನ ಮಾಧ್ಯಮದ ವಿಷಯಗಳೆಲ್ಲ ಎಲ್ಲರಿಗೂ ಎಟಕುವ ರೂಪದಲ್ಲಿರುವಂತೆ ಸರಕಾರ ನೋಡಿಕೊಳ್ಳಬೇಕು ಎನ್ನುತ್ತದೆ. ಯುಜಿಸಿ 2022ರಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆಂದೇ ಮಾರ್ಗಸೂಚಿ ಹೊರಡಿಸಿದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಸೌಲಭ್ಯ ತಲುಪುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಹೇಳಿದೆ. ಆದರೆ ಮೊದಲ ದಿನವೇ ಕಾಯ್ದೆ ಓದಿದ್ದರೆ ಸುತ್ತೋಲೆಗೆ ಸಹಿ ಹಾಕುವ ಹಾಗೆ ಎಲ್ಲರೂ ಸಹಿ ಹಾಕಿ ಎದ್ದು ಹೋಗುತ್ತಿದ್ದರು. ಕಾನೂನು ನಿಜವಾಗಿ ಉಪಯೋಗಕ್ಕೆ ಬಂದದ್ದು ಒಂದು ಭಯ ಕಳೆಯಲು. ಪುಸ್ತಕದ ಅಧ್ಯಾಯವೊಂದನ್ನು ಸ್ಕ್ಯಾನ್ ಮಾಡಿ ಪಠ್ಯವಾಗಿಸಿದರೆ ಕೃತಿಸ್ವಾಮ್ಯದ ತೊಡಕಾಗುತ್ತದೆಯೇ ಎಂದು ಗ್ರಂಥಪಾಲಕರು ಕೇಳಿದ್ದರು. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ಬಂದ ತಿದ್ದುಪಡಿ ಅಂಗವಿಕಲರ ಬಳಕೆಗಾಗಿ ಹೀಗೆ ರೂಪ ಬದಲಿಸುವುದಕ್ಕೆ ಅವಕಾಶ ಕೊಟ್ಟಿದೆ. ಇದೇ ವಿಷಯದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಸ್ಥಿರೀಕರಿಸಿದ ದೇಶ ನಮ್ಮದು. ಅದನ್ನು ತೋರಿಸಿದ ಮೇಲೆ ಅವರೇ ಸ್ಕ್ಯಾನರ್ ಬಿಟ್ಟುಕೊಟ್ಟರು. ಅಚ್ಚಾದ ಕನ್ನಡ ಪುಟವನ್ನು ಗೂಗಲ್ ಡ್ರೈವ್‌ನಲ್ಲಿ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಪಠ್ಯ ಬರುತ್ತದೆ. ಒತ್ತಕ್ಷರಗಳಲ್ಲಿ ತಪ್ಪಿರುತ್ತದೆ, ತಿದ್ದಬೇಕು.

ಕೈಬರಹದ ನೋಟ್ಸಿಗೆ ಇದು ನಡೆಯುವುದಿಲ್ಲ. ಶಿಕ್ಷಣ ತತ್ತ್ವಶಾಸ್ತ್ರದ ಮೇಡಂನ ನೋಟ್ಸ್ ಎರಡು ಉದ್ದ ಪುಸ್ತಕಗಳಲ್ಲಿ, ಅಂಚು ಹಳದಿಯಾಗಿ, ಅವರ ಸುಂದರ ಅಕ್ಷರದಲ್ಲಿ ಇದೆ. ಅವರಿಗೆ ಟೈಪಿಂಗ್ ಬರುವುದಿಲ್ಲ, ಕಲಿಯುವ ಮನಸ್ಸೂ ಇಲ್ಲ. ಕೊನೆಗೆ ದಾರಿ ಸಿಕ್ಕಿದ್ದು ಅವರ ಹಳೆಯ ಅಭ್ಯಾಸದಲ್ಲೇ. ಫೋನಿನ ಧ್ವನಿ ಟೈಪಿಂಗ್ ಕನ್ನಡಕ್ಕೆ ಇಟ್ಟು ಅವರ ಕೈಗೆ ಕೊಟ್ಟೆವು. "ತರಗತಿಯಲ್ಲಿ ಡಿಕ್ಟೇಟ್ ಮಾಡಿದ ಹಾಗೆಯೇ ಅಲ್ವಾ?" ಎಂದು ಕೇಳಿ, ಟಾಗೋರರಿಂದ ಶುರು ಮಾಡಿಯೇಬಿಟ್ಟರು. ಫ್ರೊಬೆಲನ ಹೆಸರು ಪ್ರತಿ ಸಲವೂ ಹೊಸ ರೂಪದಲ್ಲಿ ಬಂತು. ಪೂರ್ಣವಿರಾಮಗಳನ್ನು ನಾವು ಕುಳಿತು ಹಾಕಿದೆವು.

ಅತಿಥಿ ಉಪನ್ಯಾಸಕರ ವಿಷಯ ಹೇಳದೆ ಬಿಡಬಾರದು. ಅವರಲ್ಲಿ ಇಬ್ಬರು ಒಂದು ಶನಿವಾರವೂ ಬರಲಿಲ್ಲ. ಒಬ್ಬರು ಇನ್ನೊಂದು ಕಾಲೇಜಿಗೆ ಓಡಬೇಕು. ಇನ್ನೊಬ್ಬರಿಗೆ ಸ್ವಂತ ಲ್ಯಾಪ್‌ಟಾಪ್ ಇಲ್ಲ. ಗಂಟೆಗೆ ಇಷ್ಟು ಎಂದು ಸಂಬಳ ಪಡೆಯುವವರ ಹತ್ತಿರ ಲೆಕ್ಕಕ್ಕಿಲ್ಲದ 36 ನಿಮಿಷ ಕೇಳುವುದು ನ್ಯಾಯವಲ್ಲ. ನೋಟ್ಸ್ ಸಿದ್ಧಪಡಿಸುವ ಹೊತ್ತನ್ನೂ ಕಾಲೇಜುಗಳು ಕೆಲಸದ ಹೊತ್ತಾಗಿ ಎಣಿಸಬೇಕು. ಇದು ಪ್ರಶಿಕ್ಷಣಾರ್ಥಿಗಳಿಂದ ಆಗುವ ಕೆಲಸ ಅಲ್ಲ.

ನನ್ನ ವಿಷಯವಾದ ಗಣಿತಕ್ಕೆ ಬಂದಾಗ ತೊಡಕು ಬೇರೆಯೇ ಆಯಿತು. ಸಮೀಕರಣಗಳನ್ನು ಚಿತ್ರವಾಗಿ ಹಾಕಿದರೆ ಯಂತ್ರ ಓದದು. ಮಾತಿನಲ್ಲಿ ಬರೆದರೆ ಕನ್ನಡದ ವಾಕ್ಯರಚನೆ ಗೊಂದಲ ಮಾಡುತ್ತದೆ. 'ಎ ಪ್ಲಸ್ ಬಿ ಯ ವರ್ಗ' ಎಂದರೆ ಎರಡನ್ನೂ ಕೂಡಿಸಿದ ಮೇಲಿನ ವರ್ಗವೋ, ಬಿ ಒಂದರ ವರ್ಗವೋ? ನಮ್ಮಲ್ಲಿ 'ವರ್ಗ', 'ವರ್ಗಮೂಲ' ಎಂಬ ಮಾತು ಕೊನೆಗೆ ಬರುತ್ತದೆ. ಎಲ್ಲಿಂದ ಶುರುವಾಯಿತು ಎಂಬುದು ಕಿವಿಗೆ ತಿಳಿಯುವುದಿಲ್ಲ. ಇದನ್ನು ಪರೀಕ್ಷಿಸಬೇಕೆಂದೇ ಜೆಪ್ಪುವಿನ ಶಾಲೆಯ 9ನೇ ತರಗತಿಯಲ್ಲಿ ಬಹುಪದೋಕ್ತಿಗಳ ಪಾಠದ ನಡುವೆ ಹಲಗೆಯಲ್ಲಿ ಬರೆಯದೆ ಬರೀ ಬಾಯಲ್ಲಿ ಹೇಳಿ ಮಕ್ಕಳಿಂದ ಬರೆಸಿದೆ. ಸುಮಾರು ಅರ್ಧದಷ್ಟು ಮಕ್ಕಳು ಆವರಣ ಹಾಕಿದ್ದರು, ಉಳಿದವರು ಹಾಕಿರಲಿಲ್ಲ. ಎರಡೂ ಸರಿಯೇ, ಹೇಳಿದ ಮಾತಿನಲ್ಲಿ ಎರಡೂ ಇತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ, "ಟೀಚರ್, ಹೋಲ್ ಸ್ಕ್ವೇರಾ, ಬರೀ ಸ್ಕ್ವೇರಾ ಹೇಳಿ" ಎಂದ. ಕನ್ನಡ ಮಾಧ್ಯಮದ ತರಗತಿಗಳಲ್ಲಿ ಈ 'ಹೋಲ್' ಯಾಕೆ ಉಳಿದುಕೊಂಡಿದೆ ಎಂದು ನನಗೆ ಆಗ ಹೊಳೆಯಿತು. ಈಗ ಗಣಿತದ ನೋಟ್ಸಿನಲ್ಲಿ ಪ್ರತಿ ಸಮೀಕರಣದ ಕೆಳಗೆ ಒಂದು ಸಾಲು ಬರೆಯುತ್ತೇವೆ: 'ಆವರಣ ಶುರು, ಎ ಪ್ಲಸ್ ಬಿ, ಆವರಣ ಮುಕ್ತಾಯ, ಒಟ್ಟಿನ ವರ್ಗ.' ಉದ್ದವಾಗುತ್ತದೆ. ಭಿನ್ನರಾಶಿಯೊಳಗೆ ಭಿನ್ನರಾಶಿ ಬಂದರೆ ಇದೂ ಸಾಲದು. ಅದಕ್ಕೆ ನಮ್ಮ ಹತ್ತಿರ ಇನ್ನೂ ಒಳ್ಳೆಯ ದಾರಿ ಇಲ್ಲ.

ಪಾಠಯೋಜನೆಯ ಐದು ಅಂಕಣದ ಕೋಷ್ಟಕವೂ ಹಾಗೆಯೇ ಉಳಿದಿದೆ. ಕೋಶಗಳನ್ನು ಒಂದಕ್ಕೊಂದು ಸೇರಿಸಿದ್ದರಿಂದ ಯಂತ್ರ ಬೋಧನಾಂಶದಿಂದ ನೇರ ಮೌಲ್ಯಮಾಪನಕ್ಕೆ ಜಿಗಿಯುತ್ತದೆ. ನಮೂನೆಯನ್ನೇ ಬದಲಿಸಬೇಕು, ಅದು ಒಬ್ಬ ಉಪನ್ಯಾಸಕರ ಕೈಯಲ್ಲಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಗ್ರಂಥಾಲಯದಲ್ಲಿ ಕಾದಿದೆ. ಕಿರಿಯ ತಂಡದ ನಾಲ್ವರು ಅದನ್ನು ವಹಿಸಿಕೊಂಡಿದ್ದಾರೆ.

ಬೋಧನಾಭ್ಯಾಸದ ಎರಡನೆಯ ಸುತ್ತಿಗೆ ಮತ್ತೆ ಜೆಪ್ಪುವಿಗೇ ಹೋದೆವು. "ಒಬ್ಬಳಿಗೋಸ್ಕರ" ಎಂದಿದ್ದ ಅದೇ ಸರ್ ಅವಳ ಪಾಠ ನೋಡಲು ಬಂದಿದ್ದರು. ಪಾಠ ಮುಗಿದ ಮೇಲೆ ಕೆಂಪು ಪೆನ್ನು ತೆಗೆಯದೆ, ಶಾಲೆಯ ಜಗಲಿಯಲ್ಲಿ ನಿಂತು ಬಹಳ ಹೊತ್ತು ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿದರು. ಅವಳ ಫೋನು ಸದ್ದು ಮಾಡಿತು. ಅವಳು ಇಯರ್‌ಫೋನ್ ಹಾಕಿಕೊಂಡು ಗೋಡೆಗೊರಗಿ ಕೇಳಿದಳು, ಒಮ್ಮೆ ಕೇಳಿ ಮತ್ತೊಮ್ಮೆ ಕೇಳಿದಳು. ಎಂತ ಬರೆದಿದ್ದಾರೆ ಎಂದು ನಾನು ಕೇಳಿದೆ.

"ಹೇಳುವುದಿಲ್ಲ" ಎಂದಳು.